ಮರಗಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ

ಕೇಳುಗರಿಗೆ ನಮಸ್ಕಾರ. ಮರಗಪ್ಪೆ ಸಾಕಲು ಹೊರಟವರು ನನ್ನನ್ನು ಮೊದಲು ಕೇಳುವುದು, ‘ಡಾಕ್ಟರೇ, ಯಾವ ಬಣ್ಣದ್ದು ಚೆನ್ನ?’ ಎಂದು. ಬಣ್ಣದ ಮಾತು ಆಮೇಲೆ. ಮೊದಲು ಇದನ್ನು ಮನಸ್ಸಿಗೆ ಹಾಕಿಕೊಳ್ಳಿ: ಮರಗಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಕುಡಿಯುತ್ತದೆ. ಹೊಟ್ಟೆಯ ಅಡಿಯಲ್ಲಿ, ತೊಡೆಸಂದಿನ ಹತ್ತಿರ, ತೆಳ್ಳನೆಯ ಚರ್ಮವಿದೆ. ಅದನ್ನು ಒದ್ದೆ ಜಾಗಕ್ಕೆ ಒತ್ತಿ ಕುಳಿತರೆ ನೀರು ಒಳಗಿಳಿಯುತ್ತದೆ. ನೀರಿನಲ್ಲಿ ಬೆರೆತ ಕೆಟ್ಟದ್ದೂ ಇಳಿಯುತ್ತದೆ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ಬಾಲಂಗೋಚಿ.

ಇದನ್ನು ನಾನು ಕಲಿತದ್ದು ಓದಿನಿಂದಲ್ಲ. ಪಶುವೈದ್ಯಳಾಗಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಆಸ್ಟ್ರೇಲಿಯಾ ಮೂಲದ ಹಸಿರು ಮರಗಪ್ಪೆಯೊಂದು ನನ್ನ ಬಳಿ ಇತ್ತು. ಅಂಗೈಯಲ್ಲಿ ಕೂರಿಸಿದರೆ ಅಂಗೈ ತುಂಬುವ ಗಾತ್ರ. ಸದಾ ಏನೋ ಗುಟ್ಟು ತಿಳಿದವರಂತೆ ನಗುವ ಬಾಯಿ. ಒಂದು ಭಾನುವಾರ ನೆಂಟರು ಬರುವವರಿದ್ದರು. ಗಾಜಿನ ಪೆಟ್ಟಿಗೆ ಮಂಕಾಗಿದೆಯೆಂದು ಪಾತ್ರೆ ತೊಳೆಯುವ ಸೋಪು ಹಾಕಿ ತಿಕ್ಕಿದೆ. ನೀರಿನ ತಟ್ಟೆಯನ್ನೂ ತಿಕ್ಕಿದೆ. ಅಮ್ಮ ಬಾಗಿಲಲ್ಲಿ ನಿಂತು, ‘ಅದಕ್ಕೆ ಸೋಪು ಆಗುತ್ತದೆಯೇನೇ?’ ಎಂದರು. ‘ಅಮ್ಮಾ, ಡಾಕ್ಟರು ನಾನು’ ಎಂದೆ.

ಸಂಜೆ ನೆಂಟರೆಲ್ಲ ಪೆಟ್ಟಿಗೆಯ ಸುತ್ತ ಸೇರಿದರು. ಕತ್ತಲಾದರೆ ಗಾಜು ಹತ್ತುತ್ತದೆ, ನೋಡಿ ಎಂದು ನಾನೇ ಕರೆದಿದ್ದೆ. ಅದು ಹತ್ತಿತು, ಜಾರಿತು. ಮತ್ತೆ ಹತ್ತಿತು, ಧೊಪ್ಪೆಂದು ಬಿತ್ತು. ಹಿಂಗಾಲುಗಳನ್ನು ಚಾಚಿಕೊಂಡು ಹಾಗೆಯೇ ಉಳಿಯಿತು. ನೆಂಟರ ಮಗು ಚಪ್ಪಾಳೆ ತಟ್ಟಿತು, ಆಟವೆಂದುಕೊಂಡು. ಸರಿಯಾಗಿ ತೊಳೆದುಹೋಗದೆ ತಟ್ಟೆಯಲ್ಲಿ ಉಳಿದಿದ್ದ ಸೋಪನ್ನು ಕಪ್ಪೆ ಮಧ್ಯಾಹ್ನವೆಲ್ಲ ಕುಡಿದಿತ್ತು. ಬಾಯಿಂದಲ್ಲ, ಚರ್ಮದಿಂದ! ರಾತ್ರಿಯಿಡೀ ಪಕ್ಕದಲ್ಲಿ ಕುಳಿತು, ಕ್ಲೋರಿನ್ ಇಲ್ಲದ ನೀರನ್ನು ಅದರ ಹೊಟ್ಟೆ ಮುಳುಗುವಷ್ಟೇ ತುಂಬಿ, ಗಂಟೆಗೊಮ್ಮೆ ಬದಲಿಸಿದೆ. ನಸುಕಿಗೆ ಒಂದು ಕಾಲು ಮಡಚಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಅಮ್ಮ ಬಂದು, ‘ಡಾಕ್ಟರಮ್ಮಾ, ಇನ್ನಾದರೂ ಮಲಗಿ’ ಎಂದರು. ಆ ಕಪ್ಪೆ ಮುಂದೆ 11 ವರ್ಷ ಬದುಕಿತು. ಚೆನ್ನಾಗಿ ನೋಡಿಕೊಂಡರೆ ಈ ಜಾತಿ 15 ವರ್ಷ ದಾಟುವುದುಂಟು. ಮಗು ಹಟ ಮಾಡಿತೆಂದು ಕೊಡಿಸುವ ಮೊದಲು ಆ ಮಗುವಿನ ವಯಸ್ಸಿಗೆ 15 ಕೂಡಿ ನೋಡಿ.

ಕಥೆ ಉದ್ದವಾಯಿತು, ಇರಲಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ, ಆದರೆ ಕೆಲವು ಕಡೆ ಅದರ ಬದಲು ಬಳಸುವ ಕ್ಲೋರಮೈನ್ ಹೋಗುವುದಿಲ್ಲ. ಮೀನು ಸಾಕುವವರು ಬಳಸುವ, ಎರಡನ್ನೂ ತೆಗೆಯುವ ದ್ರಾವಣವನ್ನು ಹಾಕಿ. ‘ಬಟ್ಟಿ ಇಳಿಸಿದ ನೀರು ಇನ್ನೂ ಶುದ್ಧವಲ್ಲವೇ?’ ಎಂದು ದಯವಿಟ್ಟು ಕೇಳಬೇಡಿ. ಅದರಲ್ಲಿ ಲವಣವೇ ಇಲ್ಲ, ಬೇಡ. ಕಪ್ಪೆಯನ್ನು ಮುಟ್ಟಲೇಬೇಕಾದರೆ ಕೈಯನ್ನು ಬರಿನೀರಿನಲ್ಲಿ ಚೆನ್ನಾಗಿ ತೊಳೆದು, ಒದ್ದೆಯಾಗಿಯೇ ಮುಟ್ಟಿ. ಮುಟ್ಟಿದ ಮೇಲೆ ಮಾತ್ರ ಸೋಪು ಬೇಕೇ ಬೇಕು, ಕಪ್ಪೆಯ ಮೈಮೇಲಿರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು ನಿಮಗೆ ಅಂಟಬಾರದಲ್ಲ.

ಆರಿಸುವಾಗಲೂ ಚರ್ಮವನ್ನೇ ನೋಡಿ. ಹೊಟ್ಟೆ, ತೊಡೆಗಳಲ್ಲಿ ಕೆಂಪು, ಮೂತಿಯಲ್ಲಿ ಗಾಯ, ಮೈಮೇಲೆ ಅಲ್ಲಲ್ಲಿ ಸಿಕ್ಕಿಕೊಂಡ ಪೊರೆ ಇದ್ದರೆ ಬೇಡ. ಗುಳಿಬಿದ್ದ ಕಣ್ಣು, ಎದ್ದು ಕಾಣುವ ಸೊಂಟದ ಎಲುಬು ಇದ್ದರೂ ಬೇಡ. ಹಗಲಿನಲ್ಲಿ ಆರೋಗ್ಯವಂತ ಮರಗಪ್ಪೆ ಕಾಲು ಮಡಚಿ ಗಾಜಿಗೋ ಎಲೆಗೋ ಅಂಟಿಕೊಂಡು ನಿದ್ರಿಸುತ್ತದೆ. ನೆಲದ ಮೇಲೆ ಕಣ್ಣು ಬಿಟ್ಟು ಸಪ್ಪಗೆ ಕುಳಿತದ್ದನ್ನು ‘ಎಷ್ಟು ಸಾಧು!’ ಎನ್ನುತ್ತಾರೆ. ಸಾಧುವಲ್ಲ, ಕಾಯಿಲೆ. ಕೈಟ್ರಿಡ್ ಎಂಬ ಶಿಲೀಂಧ್ರ ಹಿಡಿಯುವುದು ಚರ್ಮವನ್ನೇ; ಚರ್ಮ ಕೆಟ್ಟರೆ ರಕ್ತದ ಲವಣಗಳು ಏರುಪೇರಾಗಿ ಹೃದಯ ನಿಲ್ಲುತ್ತದೆ. ಆದ್ದರಿಂದ ಸಾಕಣೆಯಲ್ಲೇ ಹುಟ್ಟಿದ್ದನ್ನು ಕೊಳ್ಳಿ. ಕಾಡಿನಿಂದ ಹಿಡಿದದ್ದು ಬೇಡ. ಮನೆಯಲ್ಲಿ ಬೇರೆ ಕಪ್ಪೆಗಳಿದ್ದರೆ ಹೊಸದನ್ನು 60 ದಿನ ಬೇರೆಯೇ ಇಡಿ.

ಸಮಯ ಮುಗಿಯುತ್ತಿದೆ, ಬೇಗ ಹೇಳುತ್ತೇನೆ. ಪೆಟ್ಟಿಗೆ ಅಗಲಕ್ಕಿಂತ ಎತ್ತರವಿರಲಿ, ಹತ್ತಲು ಕೊಂಬೆಗಳಿರಲಿ. ತಳಕ್ಕೆ ಸಣ್ಣ ಜಲ್ಲಿ ಹಾಸಬೇಡಿ, ಹುಳುವಿನ ಜೊತೆ ನುಂಗಿಬಿಡುತ್ತದೆ. ಆಹಾರ ರಾತ್ರಿ ಕೊಡಿ: ಕ್ಯಾಲ್ಸಿಯಂ ಪುಡಿ ಸವರಿದ ಜೀವಂತ ಚಿಮ್ಮಂಡೆ. ಕ್ಯಾಲ್ಸಿಯಂ ತಪ್ಪಿದರೆ ಮೂಳೆ ಮೆತ್ತಗಾಗುತ್ತದೆ. ಹುಳು ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಿರಬಾರದು. ಕೇಳಿದಷ್ಟೂ ಹಾಕಬೇಡಿ, ಕೊಬ್ಬುತ್ತದೆ. ತಿಂಗಳಿಗೊಮ್ಮೆ ತೂಗಿ. ಕಪ್ಪೆಯನ್ನು ತಕ್ಕಡಿಗೆ ಹಾಕುವ ಕಷ್ಟ ಗಾದೆಗೇ ಗೊತ್ತು. ಮುಚ್ಚಳದ ಡಬ್ಬಿಯಲ್ಲಿ ಕೂರಿಸಿದರೆ ಆ ಗಾದೆಯೂ ಸುಳ್ಳಾಗುತ್ತದೆ. ಡಬ್ಬಿಯನ್ನು ಸೋಪಿನಲ್ಲಿ ತೊಳೆದಿರಬಾರದು, ಮತ್ತೆ ಹೇಳುತ್ತಿದ್ದೇನೆ.

ಬಣ್ಣದ ಪ್ರಶ್ನೆ ಉಳಿಯಿತು. ಆ ಹಸಿರು ಮರಗಪ್ಪೆ ಬಿಸಿಲು, ಚಳಿ, ಬೆಳಕು ಬದಲಾದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ, ಮತ್ತೆ ಹಸಿರಾಗುತ್ತದೆ. ನೀವು ಬೆಳಿಗ್ಗೆ ಆರಿಸಿದ ಬಣ್ಣ ಸಂಜೆಗೆ ಇಲ್ಲದೆ ಹೋದರೆ ನನ್ನನ್ನು ಕೇಳಬೇಡಿ. ನಮಸ್ಕಾರ.