ದಿನಾ ಬೆಳಗ್ಗೆ ಸೀನು, ಅದು ನೆಗಡಿ ಅಲ್ಲ

ಎಲ್ಲರಿಗೂ ನಮಸ್ಕಾರ. ಮೊದ್ಲು ಒಂದು ಪ್ರಶ್ನೆ, ಕೈ ಎತ್ತಿ ಸಾಕು. ಬೆಳಗ್ಗೆ ಎದ್ದ ಕೂಡ್ಲೇ ಸಾಲಾಗಿ ಏಳೆಂಟು ಸೀನು, ಮೂಗು ಕಟ್ಟೋದು, ಕಣ್ಣು ತುರಿಕೆ, ಆಮೇಲೆ ಮನೆಯಿಂದ ಹೊರಗೆ ಬಿದ್ದ ಸ್ವಲ್ಪ ಹೊತ್ತಿಗೆ ಎಲ್ಲಾ ಮಾಯ, ಹಿಂಗೆ ಯಾರಿಗೆ ಆಗುತ್ತೆ? ನೋಡಿ, ಎಷ್ಟೊಂದು ಕೈ. ನೆಗಡಿ ಆಗಿದ್ರೆ ಒಂದೆರಡು ವಾರದಲ್ಲಿ ಹೋಗ್ಬೇಕಿತ್ತು. ವರ್ಷಪೂರ್ತಿ ಬರುತ್ತೆ ಅಂದ್ರೆ ನಿಮ್ಮ ದಿಂಬಿನ ಮೇಲೆ ಅನುಮಾನ ಪಡಿ.

ದಿಂಬಲ್ಲಿ ಡಸ್ಟ್ ಮೈಟ್ ಅನ್ನೋ ಧೂಳಿನ ಹುಳ ಇರುತ್ತೆ. ಎಂಟು ಕಾಲು, ಉದ್ದ ಸುಮಾರು 0.3 ಮಿಲಿಮೀಟರ್, ಕಣ್ಣಿಗೆ ಕಾಣಲ್ಲ ಅಂತಾನೇ ಅಂದ್ಕೊಳ್ಳಿ. ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟು, ಅದೇ ಅದರ ಊಟ. ಕಚ್ಚಲ್ಲ, ಕಚ್ಚೋದು ತಿಗಣೆ, ಪಾಪ ಇದರ ಮೇಲೆ ಆ ಅಪವಾದ ಬೇಡ. ತೊಂದರೆ ಇರೋದು ಇದರ ಹಿಕ್ಕೆಯಲ್ಲಿ. ಅದರಲ್ಲಿ ಡೆರ್ ಪಿ 1 ಅನ್ನೋ ಜೀರ್ಣದ ಎಂಜೈಮ್ ಇದೆ, ಅದು ನಮ್ಮ ಉಸಿರುನಾಳದ ಒಳಪದರದ ಜೀವಕೋಶಗಳ ಬೆಸುಗೇನೇ ಸಡಿಲ ಮಾಡಿ ಒಳಗೆ ನುಗ್ಗುತ್ತೆ, ಅಲರ್ಜಿ ಇದ್ದೋರಿಗೆ ಸೀನು, ಕೆಲವರಿಗೆ ಉಬ್ಬಸ, ಮಕ್ಕಳಲ್ಲಿ ಎಕ್ಸಿಮಾ, ಅಂದ್ರೆ ಚರ್ಮ ಒಣಗಿ ತುರಿಸೋ ಕಾಯಿಲೆ, ಜಾಸ್ತಿ ಆಗೋದು. ಹಿಕ್ಕೆ ಸ್ವಲ್ಪ ಭಾರ, ಗಾಳಿಯಲ್ಲಿ ಹೆಚ್ಚು ಹೊತ್ತು ತೇಲಲ್ಲ, ಆದ್ರೆ ನೀವು ಹೊದಿಕೆ ಕೊಡವಿದ್ರಿ ಅಂದ್ರೆ ಎದ್ದು ನೇರ ಮೂಗಿಗೇ. ಧೂಳಿನ ಅಲರ್ಜಿಗೆ ಈ ಹುಳಾನೇ ಮೂಲ ಅಂತ ನೆದರ್ಲೆಂಡ್ಸ್‌ನ ಸಂಶೋಧಕ ವೂರ್‌ಹೋರ್ಸ್ಟ್ ಮತ್ತೆ ಅವರ ಜೊತೆಗಾರರು ತೋರಿಸಿದ್ದು 1960ರ ದಶಕದಲ್ಲಿ, ಅಲ್ಲೀವರೆಗೂ ಬರೀ "ಧೂಳು" ಅಂತಿದ್ರು ಅಷ್ಟೇ.

ಈ ಹುಳ ನೀರು ಕುಡಿಯಲ್ಲ, ಗಾಳಿಯ ತೇವಾನೇ ಮೈಗೆ ಹೀರ್ಕೊಂಡು ಬದುಕುತ್ತೆ. ಗಾಳಿಯ ತೇವಾಂಶ ಶೇ. 50ರ ಒಳಗೇ ಇದ್ರೆ ನಿಧಾನಕ್ಕೆ ಒಣಗಿ ಸಾಯುತ್ತೆ. ಬೂಷ್ಟಿಗೂ ಬೇಕಾಗಿರೋದು ಅದೇ ತೇವ. ಬೀರು ಗೋಡೆಗೆ ಅಂಟಿಸಿ ಇಟ್ಟಿರ್ತೀವಲ್ಲ, ಒಂದ್ಸಲ ಎಳೆದು ನೋಡಿ, ಮುಗ್ಗಲು ವಾಸನೆ, ಗೋಡೆ ಮೇಲೆ ಬೂದು-ಕಪ್ಪು ಚುಕ್ಕೆ. ಅದಕ್ಕೆ ನಾವು ಮಾಡೋದೇನು? ಮೇಲೆ ಪೇಂಟ್ ಹೊಡೀತೀವಿ! ಒಳಗೆ ಪೈಪ್ ಸೋರ್ತಾನೇ ಇರುತ್ತೆ, ಮೂರು ತಿಂಗಳಿಗೆ ಪೇಂಟ್ ಉಬ್ಬಿ ಬೂಷ್ಟು ವಾಪಸ್. ಒದ್ದೆಯಾದ ಜಾಗ ಒಂದೆರಡು ದಿನದೊಳಗೆ ಒಣಗಬೇಕು, ಇಲ್ಲಾಂದ್ರೆ ಶುರುವಾಯ್ತು ಅಂತಾನೇ. ತೇವ ಮತ್ತೆ ಬೂಷ್ಟು ಇರೋ ಮನೆಗಳಲ್ಲಿ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಕಪ್ಪು ಬೂಷ್ಟು ಮಾತ್ರ ವಿಷ ಅಂತ ಗಾಬರಿ ಬೇಡ, ಬಣ್ಣ ನೋಡಿ ಏನೂ ಹೇಳಕ್ಕಾಗಲ್ಲ, ಯಾವ ಬಣ್ಣದ್ದಾದ್ರೂ ತೆಗೀಲೇಬೇಕು. ಸತ್ತ ಬೂಷ್ಟೂ ಅಲರ್ಜಿ ಮಾಡುತ್ತೆ, ಬರೀ ಸ್ಪ್ರೇ ಹೊಡೆದು ಬಿಟ್ರೆ ಆಗಲ್ಲ, ಉಜ್ಜಿ ತೆಗೀಬೇಕು. ಕ್ಯಾನ್ಸರ್ ಟ್ರೀಟ್‌ಮೆಂಟಲ್ಲಿ ಇರೋರು, ರೋಗನಿರೋಧಕ ಶಕ್ತಿ ಕಮ್ಮಿ ಇರೋರು ಮಾತ್ರ ಆ ಕೆಲಸಕ್ಕೆ ಕೈ ಹಾಕ್ಬೇಡಿ, ಅವರಿಗೆ ಆಸ್ಪರ್‌ಜಿಲಸ್ ಥರದ ಬೂಷ್ಟು ಶ್ವಾಸಕೋಶದೊಳಗೇ ಬೆಳೀಬಹುದು.

ಏನೋ ಕೇಳ್ತಿದೀರಿ... ಹಾಸಿಗೆ ಬಿಸಿಲಿಗೆ ಹಾಕಿದ್ರೆ ಸಾಕಾ ಅಂತಾನಾ? ಬಿಸಿಲಿಗೆ ತೇವ ಹೋಗುತ್ತೆ, ಹುಳಾನೂ ಸ್ವಲ್ಪ ಸಾಯುತ್ತೆ, ಒಳ್ಳೇದೇ. ಆದ್ರೆ ಹಿಕ್ಕೆ ಅಲ್ಲೇ ಕೂತಿರುತ್ತಲ್ಲ. ದಿಂಬಿನ ಕವರು, ಬೆಡ್‌ಶೀಟು ವಾರಕ್ಕೊಂದ್ಸಲ 60 ಡಿಗ್ರಿ ಬಿಸಿನೀರಲ್ಲಿ ಒಗೀರಿ. ಕೊಡವೋ ಕೆಲಸ ಮಾತ್ರ ಅಲರ್ಜಿ ಇಲ್ದಿರೋರಿಗೆ ಬಿಡಿ.