ನಿಂತ ಸ್ವರದ ಕಷ್ಟ

ಎಲ್ಲರಿಗೂ ನಮಸ್ಕಾರ.

"ಕೈಯೇನೋ ಚೆನ್ನಾಗಿ ಓಡುತ್ತದೆ, ಭಾವವೇ ಇಲ್ಲ." ಕಛೇರಿ ಮುಗಿಸಿ ಹೊರಬರುವಾಗ ಈ ಮಾತು ಕೇಳದವರಿಲ್ಲ. ನಾನೂ ಆಡಿದ್ದೇನೆ. ಕೌಶಲವನ್ನು ಕಲಿಯಬೇಕು, ಭಾವ ತಾನಾಗಿ ಬರಬೇಕು, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಅನ್ನುವ ನಂಬಿಕೆ ಈ ಮಾತಿನ ಅಡಿಯಲ್ಲಿದೆ. ಬಹಳ ಕಾಲ ನಾನೂ ಅದನ್ನೇ ನಂಬಿದ್ದೆ. ಈಗ ನಂಬುವುದಿಲ್ಲ.

ತಂತ್ರಚಾತುರ್ಯ ಅಂದ ಕೂಡಲೇ ನೆನಪಾಗುವ ಹೆಸರು ಪಿಟೀಲುವಾದಕ ನಿಕೊಲೊ ಪಗನಿನಿ. 1820ರಲ್ಲಿ ಅಚ್ಚಾದ, ಒಂಟಿ ಪಿಟೀಲಿಗೆಂದು ಬರೆದ ಚಿಕ್ಕ ಕೃತಿಗಳಾದ ಅವರ 24 ಕಪ್ರೀಸ್‌ಗಳು ಪಿಟೀಲುವಾದಕರಿಗೆ ಇಂದಿಗೂ ಅಗ್ನಿಪರೀಕ್ಷೆ. ಒಂದೇ ತಂತಿಯ ಮೇಲೆ ಇಡೀ ಕೃತಿಯನ್ನು ನುಡಿಸುತ್ತಿದ್ದವರು ಅವರು. 1832ರಲ್ಲಿ ಪ್ಯಾರಿಸ್‌ನಲ್ಲಿ ಅವರ ವಾದನ ಕೇಳಿದ ಇಪ್ಪತ್ತರ ಹರೆಯದ ಪಿಯಾನೊವಾದಕ ಫ್ರಾಂಜ್ ಲಿಸ್ಟ್, ದಿನಕ್ಕೆ ನಾಲ್ಕೈದು ಗಂಟೆ ಬರೀ ಬೆರಳ ಸಾಧನೆಗೆ ಕೂತರು. ಅದಕ್ಕೆ ನಾಲ್ಕು ವರ್ಷ ಮೊದಲು, ವಿಯೆನ್ನಾದಲ್ಲಿ ಸಂಗೀತರಚನಕಾರ ಶೂಬರ್ಟ್ ಕೂಡ ಪಗನಿನಿಯ ವಾದನ ಕೇಳಿದ್ದರು. ಅವರ ಮನಸ್ಸಿನಲ್ಲಿ ಉಳಿದದ್ದು ವೇಗವಲ್ಲ. ಅಡಾಜಿಯೊದಲ್ಲಿ, ಅಂದರೆ ಆ ವಿಳಂಬದ ಭಾಗದಲ್ಲಿ, ದೇವದೂತೆಯೊಬ್ಬಳ ಹಾಡು ಕೇಳಿಸಿತು ಎಂದು ಗೆಳೆಯನಿಗೆ ಹೇಳಿದರಂತೆ. ಒಬ್ಬನೇ ಮನುಷ್ಯ, ಅವೇ ಬೆರಳುಗಳು.

ವಿಳಂಬದಲ್ಲಿ ಬೆರಳಿಗೆ ವಿಶ್ರಾಂತಿ, ಹೃದಯಕ್ಕೆ ಕೆಲಸ ಎಂದು ನಾವು ತಿಳಿದಿದ್ದೇವೆ. ಹಾಡಿ ನೋಡಿದವರಿಗೆ ಗೊತ್ತು, ಅದು ತಿರುಗುಮುರುಗು. ಹಿಂದೂಸ್ತಾನಿ ರಾಗ ದರ್ಬಾರಿ ಕಾನಡದ ಕೋಮಲ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ಒಂದೆಡೆ ನಿಲ್ಲುವ ಸ್ವರವಲ್ಲ, ಭಾರವಾಗಿ ನಿಧಾನಕ್ಕೆ ತೂಗುವ ಸ್ವರ. ತೂಗು ಸ್ವಲ್ಪ ಬೇಗವಾದರೆ ಅದರ ಗಾಂಭೀರ್ಯ ಹೋಯಿತು. ಶ್ರುತಿ ಕೂದಲೆಳೆಯಷ್ಟು ಮೇಲೆ ಸರಿದರೆ ರಾಗವೇ ಬೇರೆ ಮುಖ ತೋರಿಸುತ್ತದೆ. ಉಸಿರು ನಡುಗಿದರೆ ಮುಚ್ಚಿಕೊಳ್ಳಲು ಅಲ್ಲಿ ಮರೆಯೇ ಇಲ್ಲ. ತಾನದ, ಅಂದರೆ ವೇಗದ ಸ್ವರಗುಚ್ಛಗಳ, ರಭಸದಲ್ಲಿ ನೂರು ತಪ್ಪು ಕೊಚ್ಚಿಹೋಗುತ್ತವೆ, ನಿಂತ ಸ್ವರದಲ್ಲಿ ಒಂದೂ ಹೋಗುವುದಿಲ್ಲ.

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಧ್ವನಿ ಗಂಟಲಿನ ಚಿಕಿತ್ಸೆಯ ನಂತರ ಪೂರ್ತಿ ಬದಲಾಯಿತು. ಎಳವೆಯ ತೆಳು ಕಂಠ ಹೋಗಿ ದಪ್ಪನೆಯ, ಗಂಡುದನಿಯೆಂದು ಭ್ರಮೆ ಹುಟ್ಟಿಸುವ ಕಂಠ ಬಂತು. ಆ ಕಂಠದಲ್ಲೇ, ಕಿರಾನಾ ಘರಾಣೆಯ ಪದ್ಧತಿಯಂತೆ ಒಂದೊಂದೇ ಸ್ವರವನ್ನು ಬಿಡಿಸುತ್ತಾ ಅವರು ದಶಕಗಟ್ಟಲೆ ಹಾಡಿದರು. ಅದು ಭಾವವೋ, ತಂತ್ರವೋ? ನನ್ನ ಕಿವಿಗೆ ಎರಡರ ನಡುವೆ ಗೆರೆ ಕಾಣುವುದೇ ಇಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಮನೆಯಲ್ಲಿ ಒಂದು ಸಾವಾದ ಕೆಲವೇ ದಿನಗಳಲ್ಲಿ ಹಾಡಲು ಕೂತಿದ್ದೆ. ಕಣ್ಣು ತುಂಬಿತ್ತು. ಎಂದೂ ಹಾಡದಷ್ಟು ಆಳವಾಗಿ ಹಾಡುತ್ತಿದ್ದೇನೆ ಅನ್ನಿಸಿತು. ಆಮೇಲೆ ಧ್ವನಿಮುದ್ರಣ ಕೇಳಿದರೆ ಶ್ರುತಿ ಕೆಳಗೆ ಜಾರಿತ್ತು, ಸಾಹಿತ್ಯ ಅರ್ಧರ್ಧ ನುಂಗಿಹೋಗಿತ್ತು. ನನ್ನ ದುಃಖ ನನ್ನೊಳಗೇ ಉಳಿದಿತ್ತು, ಹಾಡಿಗೆ ದಾಟಿರಲಿಲ್ಲ. ತಾನು ಕರಗದೆ ಸಂಗೀತಗಾರ ಇನ್ನೊಬ್ಬರನ್ನು ಕರಗಿಸಲಾರ ಎಂದು ಸಂಗೀತರಚನಕಾರ ಸಿ.ಪಿ.ಇ. ಬಾಖ್ 1753ರಲ್ಲಿ ಬರೆದರು. ಒಪ್ಪುತ್ತೇನೆ. ಆದರೆ ಬರೀ ಕರಗಿದರೆ ಸಾಲದು. ತಿಂಗಳುಗಳ ನಂತರ ಅದೇ ಹಾಡನ್ನು, ಅದೇ ನೆನಪಿನಲ್ಲಿ, ಉಸಿರು ಕೈಗೆ ಸಿಕ್ಕ ಮೇಲೆ ಹಾಡಿದಾಗ ಕೇಳುತ್ತಿದ್ದವರು ಅತ್ತರು.

ಹಾಗಾದರೆ ಭಾವ ನಾದದಲ್ಲಿ ಎಲ್ಲಿರುತ್ತದೆ? ಕಳೆದ ಶತಮಾನದ ಮೊದಲರ್ಧದಲ್ಲಿ ಅಯೋವಾ ವಿಶ್ವವಿದ್ಯಾಲಯದ ಕಾರ್ಲ್ ಸೀಶೋರ್ ಗಾಯಕರ, ವಾದಕರ ನಾದವನ್ನು ಉಪಕರಣಗಳಿಂದ ಅಳೆದರು. ಕಿವಿಗೆ ಸ್ಥಿರವೆನಿಸುವ ಗಾಯಕರ ಸ್ವರ ಸೆಕೆಂಡಿಗೆ ಆರೇಳು ಸಲ ಮೇಲೆ ಕೆಳಗೆ ಆಡುತ್ತಿತ್ತು. ಕಟ್ಟುನಿಟ್ಟಿನ ಅಳತೆಯಿಂದ ಸುಂದರವಾಗಿ ಸರಿಯುವುದರಲ್ಲೇ ಅಭಿವ್ಯಕ್ತಿ ಇದೆ ಎಂದು ಅವರು ವಾದಿಸಿದರು. ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ಹಾಡು ಕೇಳಿ. ಅವರದು ದೊಡ್ಡ ವ್ಯಾಪ್ತಿಯ ಕಂಠವಲ್ಲ. ಆದರೆ ಮಾತು ತಾಳದ ಪೆಟ್ಟಿಗಿಂತ ಒಂದು ಚೂರು ತಡವಾಗಿ ಬೀಳುತ್ತದೆ, ಆ ತಡದಲ್ಲೇ ನಮ್ಮ ಎದೆ ಹಿಂಡುತ್ತದೆ. ಅಷ್ಟೇ ತಡಮಾಡುವುದು ಎಷ್ಟು ಕಷ್ಟವೆಂದು ತಾಳ ತಪ್ಪಿದವರನ್ನು ಕೇಳಬೇಕು.

ಖಾಲಿ ಸಂಗೀತ ಇಲ್ಲವೆಂದು ನಾನು ಹೇಳುತ್ತಿಲ್ಲ. ಖಂಡಿತ ಇದೆ, ನನಗೆ ಅದು ನೋವನ್ನೇ ಕೊಡುತ್ತದೆ. ಅಲ್ಲಿ ಕೌಶಲ ಹೆಚ್ಚಾಗಿರುವುದಿಲ್ಲ, ಒಂದೇ ಬಗೆಯದಾಗಿರುತ್ತದೆ: ಬೇಗ ಹೋಗಲು ಬರುತ್ತದೆ, ನಿಲ್ಲಲು ಬರುವುದಿಲ್ಲ. ಇದರಲ್ಲಿ ನಮ್ಮ ಪಾಲೂ ಇದೆ. 2013ರಲ್ಲಿ ಪ್ರಕಟವಾದ ಚಿಯಾ-ಜುಂಗ್ ಸೇ ಅವರ ಅಧ್ಯಯನದಲ್ಲಿ, ಸ್ಪರ್ಧೆ ಗೆದ್ದವರು ಯಾರೆಂದು ಜನ ಹೆಚ್ಚು ಸರಿಯಾಗಿ ಊಹಿಸಿದ್ದು ಸದ್ದಿಲ್ಲದ ವಿಡಿಯೊ ನೋಡಿ, ಸಂಗೀತ ಕೇಳಿ ಅಲ್ಲ. ಕಣ್ಣಿಗೆ ಕಾಣುವ ಶ್ರಮಕ್ಕೆ ಚಪ್ಪಾಳೆ ಬೇಗ ಸಿಗುತ್ತದೆ. ಹಿಡಿದ ಉಸಿರು ಯಾರ ಕಣ್ಣಿಗೂ ಕಾಣುವುದಿಲ್ಲ.

ಈಗ ಎರಡು ಧ್ವನಿಮುದ್ರಣ ಕೇಳೋಣ. ಪಿಯಾನೊವಾದಕ ಗ್ಲೆನ್ ಗೂಲ್ಡ್ 1955ರಲ್ಲಿ, 22ನೇ ವಯಸ್ಸಿನಲ್ಲಿ, ಸಿ.ಪಿ.ಇ. ಬಾಖ್ ಅವರ ತಂದೆ ಜೆ.ಎಸ್. ಬಾಖ್‌ರ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ನುಡಿಸಿದರು. ಆರಂಭದ ಆರಿಯಾ, ಅಂದರೆ ಕೃತಿಯನ್ನು ತೆರೆಯುವ ಹಾಡಿನಂಥ ಭಾಗ, 2 ನಿಮಿಷದೊಳಗೆ ಮುಗಿಯುತ್ತದೆ. 1981ರಲ್ಲಿ, ಸಾಯುವ ಹಿಂದಿನ ವರ್ಷ, ಅದನ್ನೇ ಮತ್ತೆ ನುಡಿಸಿದಾಗ 3 ನಿಮಿಷ ದಾಟಿತು. ಎರಡನೆಯದನ್ನು ಕೇಳುವಾಗ ಸ್ವರಗಳಿಗಿಂತ ಸ್ವರಗಳ ನಡುವಿನ ಜಾಗಕ್ಕೆ ಕಿವಿ ಕೊಡಿ. ಮೊದಲು 1955ರದು ಹಾಕುತ್ತೇನೆ.