ಸಿಮೆಂಟು ಮಾರಿದರೆ ಅದರ ಹೊಗೆ ಯಾರದ್ದು?

ಎಲ್ಲರಿಗೂ ನಮಸ್ಕಾರ. ಸಿವಿಲ್ ಓದುವವರೇ ಜಾಸ್ತಿ ಬಂದಿದ್ದೀರಿ ಅಂದರು, ಹಾಗಾಗಿ ಸಿಮೆಂಟಿನಿಂದಲೇ ಶುರು ಮಾಡುತ್ತೇನೆ.

ಲಾರ್ಸನ್ ಅಂಡ್ ಟೂಬ್ರೊ, ಅಂದರೆ ನಮ್ಮ ಎಲ್ ಅಂಡ್ ಟಿ, 1938ರಲ್ಲಿ ಮುಂಬೈಯಲ್ಲಿ ಹುಟ್ಟಿತು. ಕಟ್ಟಿದವರು ಡೆನ್ಮಾರ್ಕಿನ ಇಬ್ಬರು ಎಂಜಿನಿಯರುಗಳು. ಅವರು ಭಾರತಕ್ಕೆ ಬಂದಿದ್ದೇ ಸಿಮೆಂಟ್ ಯಂತ್ರ ಮಾಡುವ ಒಂದು ಕಂಪನಿಯ ಕೆಲಸಕ್ಕೆ. ಮುಂದೆ ಎಲ್ ಅಂಡ್ ಟಿ ತಾನೇ ಸಿಮೆಂಟ್ ಮಾಡಿ ಮಾರಿತು. 2004ರಲ್ಲಿ ಆ ವ್ಯವಹಾರ ಬಿರ್ಲಾ ಗುಂಪಿನ ಗ್ರಾಸಿಮ್ ಕೈಗೆ ಹೋಯಿತು, ಅದೇ ಇವತ್ತಿನ ಅಲ್ಟ್ರಾಟೆಕ್. ಈ ಮಾರಾಟದ ಕಥೆ ನೆನಪಿಟ್ಟುಕೊಳ್ಳಿ.

ಈಗ ಇದೇ ಕಂಪನಿ 2040ಕ್ಕೆ ಕಾರ್ಬನ್ ನ್ಯೂಟ್ರಲ್ ಆಗುತ್ತೇನೆ, ಅಂದರೆ ಬಿಡುವ ಇಂಗಾಲದ ಅನಿಲವನ್ನು ಒಟ್ಟು ಲೆಕ್ಕದಲ್ಲಿ ಸೊನ್ನೆಗೆ ತರುತ್ತೇನೆ ಅನ್ನುತ್ತಿದೆ. ದೇಶದ ಗುರಿ ಇರುವುದು 2070ಕ್ಕೆ, ಅಂದರೆ ಇವರು ಮೂವತ್ತು ವರ್ಷ ಮುಂಚೆ. ಕೇಳಲು ಚೆನ್ನಾಗಿದೆ, ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡೆ. ಆಮೇಲೆ ಯಾವ ಹೊಗೆ ಲೆಕ್ಕಕ್ಕೆ ಬರುತ್ತದೆ ಅಂತ ನೋಡಲು ಕೂತೆ.

ಲೆಕ್ಕದಲ್ಲಿ ಮೂರು ಕಂತೆ ಇವೆ. ಸೈಟಿನಲ್ಲಿ ಟಿಪ್ಪರ್, ಜೆಸಿಬಿ, ಜನರೇಟರ್ ಸುಡುವ ಡೀಸೆಲ್ ಸ್ಕೋಪ್ 1. ಕೊಂಡ ಕರೆಂಟು ಸ್ಕೋಪ್ 2. ಬೇರೆಯವರು ತಯಾರಿಸಿ ಕೊಟ್ಟ ಸಿಮೆಂಟು, ಕಬ್ಬಿಣ, ಅವನ್ನು ಹೊತ್ತು ತಂದ ಲಾರಿ, ಎಲ್ಲ ಸ್ಕೋಪ್ 3. ಕಟ್ಟಡದ ಕಂಪನಿಗಳು ಇಷ್ಟು ವರ್ಷಕ್ಕೆ ನ್ಯೂಟ್ರಲ್ ಅಂತ ಹೇಳುವಾಗ ಸಾಮಾನ್ಯವಾಗಿ ಹೇಳುವುದು ಮೊದಲ ಎರಡನ್ನು ಮಾತ್ರ. ಕಟ್ಟಡದ ಹೊಗೆಯ ಬಹುಪಾಲು ಇರುವುದು ಮೂರನೆಯದರಲ್ಲಿ.

ಯಾಕೆ ಅಂದರೆ ಸಿಮೆಂಟಿನ ಹೊಗೆ ಬರೀ ಕಲ್ಲಿದ್ದಲಿನದಲ್ಲ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಕಾಯಿಸಿದರೆ ಕಲ್ಲೇ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 100 ಕೆಜಿ ಶುದ್ಧ ಸುಣ್ಣದ ಕಲ್ಲಿಗೆ 44 ಕೆಜಿ. ಗೂಡಿಗೆ ಕಲ್ಲಿದ್ದಲಿನ ಬದಲು ಸೋಲಾರ್ ಶಾಖ ಕೊಟ್ಟರೂ ಈ 44 ಕೆಜಿ ತಪ್ಪುವುದಿಲ್ಲ, ಅದು ಕಲ್ಲಿನೊಳಗೇ ಇದ್ದದ್ದು. ಒಪಿಸಿ, ಅಂದರೆ ಬೂದಿ-ಗೀದಿ ಬೆರೆಸದ ಮಾಮೂಲಿ ಸಿಮೆಂಟಿನ 50 ಕೆಜಿ ಚೀಲ ಎತ್ತಿದಾಗಲೆಲ್ಲ, ಕಲ್ಲಿನಿಂದಲೇ ಸುಮಾರು 25 ಕೆಜಿ ಅನಿಲ ಆಗಲೇ ಗಾಳಿ ಸೇರಿದೆ ಅಂತ ತಿಳಿಯಿರಿ, ಇಂಧನದ್ದು ಬೇರೆ. ವಾಡಿ, ಸೇಡಂ, ಮಳಖೇಡದ ಕಡೆಯವರಿಗೆ ಆ ಚಿಮಣಿಗಳನ್ನು ನಾನು ವರ್ಣಿಸಬೇಕಿಲ್ಲ.

ಈಗ ಆ ಮಾರಾಟಕ್ಕೆ ಬನ್ನಿ. 2004ಕ್ಕೆ ಮುಂಚೆ ಎಲ್ ಅಂಡ್ ಟಿ ಸಿಮೆಂಟಿನ ಹೊಗೆ ಅದರದೇ ಸ್ಕೋಪ್ 1 ಆಗುತ್ತಿತ್ತು. ಕಾರ್ಖಾನೆ ಕೈಬದಲಾದ ಮೇಲೆ ಅದೇ ಗೂಡಿನ ಸಿಮೆಂಟನ್ನೇ ಕೊಂಡರೂ ಅದು ಸ್ಕೋಪ್ 3. ಗೂಡು ಅದೇ, ಕಲ್ಲು ಅದೇ, ಬದಲಾದದ್ದು ಲೆಕ್ಕದ ಪುಸ್ತಕ. ಮೋಸ ಮಾಡಲು ಮಾರಿದರು ಅಂತ ನಾನು ಹೇಳುತ್ತಿಲ್ಲ, ಆಗ ಈ ಲೆಕ್ಕ ಕೇಳುವವರೇ ಇರಲಿಲ್ಲ. ಬೆಂಗಳೂರು ವಿಮಾನ ನಿಲ್ದಾಣದ ಟರ್ಮಿನಲ್ 2 ಕಟ್ಟಿದ್ದು ಇವರೇ. ಅಲ್ಲಿ ನಾವೆಲ್ಲ ಬಿದಿರಿನ ಫೋಟೊ ತೆಗೆದುಕೊಳ್ಳುತ್ತೇವೆ, ಕೆಳಗಿನ ಕಾಂಕ್ರೀಟಿನ ಫೋಟೊ ಯಾರೂ ತೆಗೆಯಲ್ಲ.

ಸ್ವೀಡನ್ನಿನ ಕಟ್ಟಡ ಕಂಪನಿ ಸ್ಕಾನ್‌ಸ್ಕಾ ಕೂಡ ಸಿಮೆಂಟಿನ ಕೂಸೇ, 1887ರಲ್ಲಿ ಕಾಂಕ್ರೀಟ್ ಸಾಮಾನು ಮಾಡುತ್ತಾ ಶುರುವಾದದ್ದು. ಅದರ ಗುರಿ 2045. ಐದು ವರ್ಷ ತಡ. ಆದರೆ ಕೊಳ್ಳುವ ಸಾಮಗ್ರಿಯ ಹೊಗೆಯೂ ಅದರಲ್ಲಿ ಸೇರಿದೆ. ನನ್ನನ್ನು ಕೇಳಿದರೆ ಇದೇ ಕಷ್ಟದ ಗುರಿ.

ಹಾಗಂತ ಎಲ್ಲ ಕಂಪನಿಯ ಕೈಯಲ್ಲಿಲ್ಲ, ಟೆಂಡರಿನಲ್ಲಿ ಒಪಿಸಿ ಅಂತ ಬರೆದಿದ್ದರೆ ಗುತ್ತಿಗೆದಾರ ಅದನ್ನೇ ಹಾಕಬೇಕು. ದಾರಿ ಇಲ್ಲದೇ ಇಲ್ಲ, ಸಿಮೆಂಟಿನಲ್ಲಿ ಸುಟ್ಟ ಸುಣ್ಣದ ಕಲ್ಲಿನ ಪಾಲು ಇಳಿಸಿ ಬೇರೆ ಪುಡಿ ಬೆರೆಸಿದರೆ ಹೊಗೆಯೂ ಇಳಿಯುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವಲ್ಲಿ ಉಳಿಯುವ ಹಾರುಬೂದಿ ಇದೆ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಸ್ಲಾಗ್, ಅಂದರೆ ಕಿಟ್ಟ ಇದೆ. ನಮ್ಮ ಐಎಸ್, ಅಂದರೆ ಭಾರತೀಯ ಮಾನದಂಡದ ಪ್ರಕಾರವೇ ಸಿಮೆಂಟಿನಲ್ಲಿ ಹಾರುಬೂದಿ 35%, ಸ್ಲಾಗ್ 70%ವರೆಗೆ ಸೇರಿಸಬಹುದು. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲು ಬೆರೆಸಿದ ಎಲ್‌ಸಿ3 ಸಿಮೆಂಟಿಗೂ 2023ರಲ್ಲಿ ಮಾನದಂಡ ಬಂತು. ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ "ಬೂದಿ ಸಿಮೆಂಟು ಬೇಡ ಸಾರ್, ಗಟ್ಟಿ ಬರಲ್ಲ" ಅಂದಿದ್ದ. ಬರುತ್ತದೆ, ನಿಧಾನಕ್ಕೆ ಬರುತ್ತದೆ, ನೀರು ಸರಿಯಾಗಿ ಉಣಿಸಬೇಕು ಅಷ್ಟೆ. ಮೇಸ್ತ್ರಿಗೆ ಸೆಂಟ್ರಿಂಗ್ ಬಿಚ್ಚುವ ಅವಸರ. ದೊಡ್ಡ ಸೈಟಿನಲ್ಲೂ ಅದೇ ಅವಸರ, ಹೆಸರು ಮಾತ್ರ ಶೆಡ್ಯೂಲ್.

ನಮ್ಮಲ್ಲಿ ಶೇರುಪೇಟೆಯ ಮೊದಲ 1000 ಕಂಪನಿಗಳು ಶೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಬಿಆರ್‌ಎಸ್‌ಆರ್ ಅನ್ನುವ, ಪರಿಸರ ಮತ್ತು ಸಮಾಜದ ಹೊಣೆಯ ವರದಿ ಕೊಡಲೇಬೇಕು, 2022-23ರಿಂದ. ಅದರಲ್ಲಿ ಸ್ಕೋಪ್ 1, 2 ಕಡ್ಡಾಯದ ಭಾಗದಲ್ಲಿವೆ. ಸ್ಕೋಪ್ 3 ಐಚ್ಛಿಕ ಭಾಗದಲ್ಲಿದೆ. ಇಂಟರ್ವ್ಯೂಗೆ ಹೋಗುವ ಹಿಂದಿನ ರಾತ್ರಿ ಆ ಕಂಪನಿಯ ವರದಿ ತೆರೆದು ಸ್ಕೋಪ್ 3ರ ಆ ಒಂದು ಸಾಲು ಹುಡುಕಿ. ಸಂಖ್ಯೆ ಇದ್ದರೆ ಅದರಲ್ಲಿ ಸಿಮೆಂಟು, ಕಬ್ಬಿಣ ಸೇರಿದೆಯಾ ಅಂತ ನೋಡಿ, ಕೆಲವರು ಸುಮ್ನೆ ನೌಕರರ ವಿಮಾನ ಪ್ರಯಾಣ ಹಾಕಿ ಬಿಟ್ಟಿರುತ್ತಾರೆ.

ಸರಿ, ಅಲ್ಲಿ ಹಿಂದೆ ಕೂತವರು ಆಗಿನಿಂದ ಕೈ ಎತ್ತಿದ್ದಾರೆ. ಕೇಳಿ.